ಹೂಂಗುಟ್ಟಿದ ಕುರ್ಚಿ

ಹೋದ ವಾರ ಸಿಂಗಪುರದ ಮೆಟ್ರೋ ರೈಲು ಎಂಆರ್‌ಟಿಯಲ್ಲಿ ಮಗಳ ಜೊತೆ ಪಾಸಿರ್ ರಿಸ್ ಕಡೆಗೆ ಹೊರಟಿದ್ದೆ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಧ್ವನಿವರ್ಧಕದ ಆ ಹೆಂಗಸು ತನ್ನ ಎಂದಿನ ಮರ್ಯಾದೆಯಲ್ಲಿ ಹೇಳಿದಳು. ನಾನು “ಹ್ಞೂಂ” ಎಂದೆ. ಇಳಿಯುವಾಗ ಸಂದಿನಲ್ಲಿ ಕಾಲು ಸಿಕ್ಕಿಕೊಂಡೀತು, ಜೋಪಾನ ಎಂದಳು. ಅದಕ್ಕೂ “ಹ್ಞೂಂ” ಎಂದೆ. ಎದುರು ಕೂತಿದ್ದ ಚೀನೀ ತಾತ ಪತ್ರಿಕೆಯನ್ನು ಮೂಗಿನ ಮಟ್ಟಕ್ಕೆ ಇಳಿಸಿ ನನ್ನನ್ನು ನೋಡಿದ.

ಮಗಳು ಮೊಬೈಲಿನಿಂದ ತಲೆ ಎತ್ತದೆ, ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಅಂಟಿಸಿ ಹೇಳಿದಳು. “ಅಮ್ಮಾ, ಪ್ಲೀಸ್ ಲಾ. ಅದು ರೆಕಾರ್ಡಿಂಗ್. ಅದಕ್ಕೆ ಯಾಕ್ ಆನ್ಸರ್ ಮಾಡ್ತೀಯ?”

“ಆನ್ಸರ್ ಎಲ್ಲೇ ಮಾಡ್ದೆ? ಹೂಂ ಅಂದೆ, ಅಷ್ಟೇ.”

“ಅವ್ಳಿಗೆ ಕೇಳ್ಸಲ್ಲ ಅಮ್ಮ.”

“ಕೇಳ್ಸದೆ ಇದ್ರೆ ಏನೀಗ? ಪಾಪ, ಬೆಳಗ್ಗೆಯಿಂದ ಒಬ್ಳೇ ಮಾತಾಡ್ತಿದಾಳೆ.”

ಮಗಳು ಎದ್ದು ಎರಡು ಸೀಟು ಆಚೆ ಹೋಗಿ ಕೂತಳು. ತಾಯಿ ಯಾರೆಂದು ಊರಿಗೆಲ್ಲ ಗೊತ್ತಾಗಬಾರದಲ್ಲ.

ನಿಮ್ಮಲ್ಲೂ ಕೆಲವರಿಗೆ ಈ ಕಾಯಿಲೆ ಇರಬಹುದು. ಇದ್ದರೆ ನಾಚಿಕೊಳ್ಳಬೇಡಿ. ನಾನಂತೂ ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದಾಗಲೂ, ಅವರು ನರ್ಸಿಗೆ ಹೇಳುವ ಮಾತಿಗೆಲ್ಲ ಹೂಂಗುಟ್ಟುತ್ತಿರುತ್ತೇನೆ. ಅವರು ನೋವಾಯಿತೇನೋ ಎಂದು ಗಾಬರಿಯಿಂದ ಕೈ ತೆಗೆಯುತ್ತಾರೆ. ಇಲ್ಲ, ಮುಂದುವರಿಸಿ, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಹೇಳೋಣವೆಂದರೆ ಬಾಯಿ ನನ್ನ ವಶದಲ್ಲಿ ಇರುವುದಿಲ್ಲ.

ಇದಕ್ಕೆಲ್ಲ ಕಾರಣ ನಂಜನಗೂಡಿನ ನಮ್ಮ ಅಜ್ಜಿ, ಅಮ್ಮನ ತಾಯಿ. ನನಗೆ ಬರುವ ಕನ್ನಡದಲ್ಲಿ ಮುಕ್ಕಾಲು ಪಾಲು ಅವಳು ಅವರೆಕಾಯಿ ಸುಲಿಯುತ್ತ ಕಲಿಸಿದ್ದು. ಅವರೆಯ ಕಾಲದಲ್ಲಿ ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಮೊರ ಇಟ್ಟುಕೊಂಡು ಕೂರುತ್ತಿದ್ದಳು. ಸುತ್ತ ನಾವು ಐದಾರು ಮೊಮ್ಮಕ್ಕಳು. ಕೈ ಕಾಯಿ ಬಿಡಿಸಬೇಕು, ಕಿವಿ ಕಥೆ ಕೇಳಬೇಕು, ಬಾಯಿ ಹೂಂಗುಟ್ಟಬೇಕು. ಮೂರರಲ್ಲಿ ಒಂದು ನಿಂತರೂ ಕಥೆ ನಿಲ್ಲುತ್ತಿತ್ತು. “ಹೂಂ ಅನ್ನೋರು ಇಲ್ದೆ ಇದ್ರೆ ಕಥೆ ಹೆಂಗೆ ನಡೀತದೆ? ಅದಕ್ಕೇನು ಕಾಲಿದ್ಯೇ?” ಎನ್ನುತ್ತಿದ್ದಳು. ಒಮ್ಮೆ ಅವತ್ತು ಹೂಂ ಎನ್ನುವ ಪಾಳಿಯಲ್ಲಿದ್ದ, ನಮ್ಮಲ್ಲೇ ಒಬ್ಬನಾದ ಸೀನ ತೂಕಡಿಸಿದ್ದರಿಂದ ರಾಜಕುಮಾರಿಯೊಬ್ಬಳು ಉಪ್ಪರಿಗೆಯ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿಕೊಂಡು ನಾಲ್ಕು ದಿನ ನಿಂತೇ ಇದ್ದಳು. ನಾವು ಏನು ಮಾಡಿದರೂ ಅಜ್ಜಿ ಆ ಕಾಲನ್ನು ಇಳಿಸಲಿಲ್ಲ.

ಹೂಂ ಎಂದರೆ ಒಂದೇ ಹೂಂ ಎಂದುಕೊಳ್ಳಬೇಡಿ. ಮುಂದೆ ಹೇಳು ಎನ್ನುವುದಕ್ಕೆ ಚಿಕ್ಕದು, ಕೊನೆ ಸ್ವಲ್ಪ ಮೇಲೆ. ಅಯ್ಯೋ ಪಾಪ ಎನ್ನುವುದಕ್ಕೆ ಉದ್ದ, ಕೊನೆ ಕೆಳಗೆ. ನಂಬಿಕೆ ಬರದಿದ್ದರೆ ಮೂಗಿನಲ್ಲಿ ಶುರುವಾಗಿ ಹುಬ್ಬಿನಲ್ಲಿ ಮುಗಿಯುವಂಥದ್ದು. ನಿದ್ದೆಯ ಹೂಂ ಬೇರೆಯೇ. ಅದನ್ನು ಹಿಡಿಯುವುದಕ್ಕೆ ಅಜ್ಜಿಯ ಹತ್ತಿರ ಉಪಾಯವಿತ್ತು. ಕಥೆಯ ನಡುವೆ ಏನೂ ಅರಿಯದವಳಂತೆ, “ಆಮೇಲೆ ರಾಜ ಒಲೆ ಮೇಲೆ ಕೂತ್ಕೊಂಡು ಕಾಶಿಗೆ ಹಾರಿದ” ಎನ್ನುವಳು. ಸೀನ “ಹ್ಞೂಂ” ಎನ್ನುವನು. ಅವರೆ ಸಿಪ್ಪೆ ಬಂದು ಅವನ ಕೆನ್ನೆಗೆ ಬೀಳುವುದು. ಪ್ರಶ್ನಾವಳಿ ತುಂಬುವವರು ಓದಿ ತುಂಬುತ್ತಾರೋ ಸುಮ್ಮನೆ ಗೀಚುತ್ತಾರೋ ತಿಳಿಯಲು ನಡುವೆ ಒಂದು ಅಸಂಬದ್ಧ ಪ್ರಶ್ನೆ ಇಡಬೇಕು ಎಂದು ಮುಂದೆ ಸಿಂಗಪುರದಲ್ಲಿ ಒಬ್ಬರು ನನಗೆ ಬಹಳ ಗಂಭೀರವಾಗಿ ಪಾಠ ಮಾಡಿದಾಗ, ನನ್ನ ಕೈ ತಾನಾಗಿ ಕೆನ್ನೆಯ ಮೇಲೆ ಹೋಯಿತು.

ಆ ಒಬ್ಬರ ವಿಷಯಕ್ಕೇ ಬರುತ್ತಿದ್ದೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಸಿಂಗಪುರದಲ್ಲಿ ಎತ್ತ ನೋಡಿದರೂ ಕ್ರೇನು. ಬೆಂಗಳೂರಿನಿಂದ, ಮೈಸೂರಿನಿಂದ ವಾರಕ್ಕೊಬ್ಬರು ಶಿಫ್ಟ್ ಆಗಿ ಬರುತ್ತಿದ್ದರು. ನನ್ನ ಗಂಡ ರಘು ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದರು. ನಾವು ಬಿಶಾನ್‌ನಲ್ಲಿ ಮನೆ ಮಾಡಿಕೊಂಡಿದ್ದೆವು. ಮಗಳು ಇನ್ನೂ ಬಾಲವಾಡಿ. ಭಾನುವಾರ ಯಾರದಾದರೂ ಮನೆಯಲ್ಲಿ ಬಿಸಿಬೇಳೆಬಾತಿಗೆ ಸೇರಿದರೆ ಎಲ್ಲರದೂ ಒಂದೇ ಪ್ರಶ್ನೆ: “ನೀವೇನ್ ಮಾಡ್ತಿದೀರ?” ನಾನು “ಮನೇಲೇ ಇದೀನಿ” ಎನ್ನುತ್ತಿದ್ದೆ. ಕೇಳಿದವರು ಸಾರಿಗೆ ಒಗ್ಗರಣೆ ಹಾಕಿದವರು ಯಾರು ಎಂದು ಮಾತು ತಿರುಗಿಸುತ್ತಿದ್ದರು. ನನ್ನ ಮನಃಶಾಸ್ತ್ರದ ಎಂ.ಎ. ಪ್ರಮಾಣಪತ್ರ ಸೂಟ್‌ಕೇಸಿನ ತಳದಲ್ಲಿ ರೇಷ್ಮೆ ಸೀರೆಗೆ ಮಡಿಕೆ ಬೀಳದಂತೆ ಆಧಾರವಾಗಿತ್ತು. ಈ ದೇಶದಲ್ಲಿ ನಾನಿರುವುದಕ್ಕೆ ಸರ್ಕಾರ ಕೊಟ್ಟ ಕಾರ್ಡಿನ ಮೇಲೆ ಡಿಪೆಂಡೆಂಟ್ ಎಂದು ಅಚ್ಚಾಗಿತ್ತು. ಅವಲಂಬಿತೆ. ಬ್ಯಾಂಕಿಗೆ ಹೋದರೂ ಲೈಬ್ರರಿಗೆ ಹೋದರೂ ಅದನ್ನೇ ತೋರಿಸಬೇಕು. ಕೌಂಟರಿನ ಹುಡುಗಿ ಅದನ್ನು ನೋಡಿ ಯಾವಾಗಲೂ ನನ್ನ ಬೆನ್ನ ಹಿಂದೆ ಹುಡುಕುತ್ತಿದ್ದಳು, ನಾನು ಅವಲಂಬಿಸಿರುವವನು ಎಲ್ಲಿ ಎಂದು.

ಅಂಥ ಹೊತ್ತಿನಲ್ಲಿ ಒಂದು ಸಂಶೋಧನಾ ಯೋಜನೆಯಲ್ಲಿ ತರಗತಿ ವೀಕ್ಷಕಿಯ ಕೆಲಸ ಸಿಕ್ಕಿತು. ಮೂರು ತಿಂಗಳು ಪರೀಕ್ಷೆಗೆ, ಆಮೇಲೆ ಎರಡು ವರ್ಷಕ್ಕೆ ಖಾಯಂ. ಕುತ್ತಿಗೆಗೆ ನೇತುಹಾಕಿಕೊಳ್ಳಲು ನೀಲಿ ಪಟ್ಟಿಯ ಇನ್ನೊಂದು ಕಾರ್ಡು ಕೊಟ್ಟರು. ಅದರ ಮೇಲೆ ಸುಮಿತ್ರಾ ಎಂದಷ್ಟೇ ಇತ್ತು. ನಾನು ಅದನ್ನು ಹಾಕಿಕೊಂಡು ಮೊಸರು ತರಲಿಕ್ಕೂ ಹೋಗುತ್ತಿದ್ದೆ.

ಯೋಜನೆಯ ಮುಖ್ಯಸ್ಥರು ಡಾಕ್ಟರ್ ಕೋ. ತೆಳ್ಳಗೆ, ಇಸ್ತ್ರಿ ಮಾಡಿದ ಹಾಗಿದ್ದ ಮನುಷ್ಯ. ಜೇಬಿನಲ್ಲಿ ಸದಾ ಎರಡು ಪೆನ್ಸಿಲ್, ಎರಡರ ತುದಿಯಲ್ಲೂ ರಬ್ಬರು. ಮೇಷ್ಟರು ಒಂದು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ, ಆ ಕಾಯುವಿಕೆಯಿಂದ ಮಕ್ಕಳ ಕಲಿಕೆಯಲ್ಲಿ ಏನಾಗುತ್ತದೆ ಎನ್ನುವುದು ಅವರ ಸಂಶೋಧನೆ. ನನ್ನ ಕೆಲಸ ಇಷ್ಟೇ. ತರಗತಿಯ ಹಿಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರಬೇಕು. ಕಿವಿಯೊಳಗಿನ ಯಂತ್ರ ಅರ್ಧ ನಿಮಿಷಕ್ಕೊಮ್ಮೆ ಕುಂಯ್ ಎನ್ನುತ್ತದೆ. ಆ ಗಳಿಗೆಯಲ್ಲಿ ಏನು ನಡೆಯುತ್ತಿದೆಯೋ ನೋಡಿ ಹಾಳೆಯ ಮೇಲಿನ ಚೌಕದಲ್ಲಿ ಗುರುತು ಹಾಕಬೇಕು: ಮೇಷ್ಟರು ಪ್ರಶ್ನಿಸುತ್ತಿದ್ದಾರೆ, ವಿವರಿಸುತ್ತಿದ್ದಾರೆ, ಮಗು ಉತ್ತರಿಸುತ್ತಿದೆ, ಮಕ್ಕಳು ಗಮನವಿಟ್ಟು ಕೇಳುತ್ತಿದ್ದಾರೆ, ಗದ್ದಲ, ಮೌನ. ಅಷ್ಟರಲ್ಲಿ ಒಂದು.

ಡಾಕ್ಟರ್ ಕೋ ಹೇಳುತ್ತಿದ್ದದ್ದೆಲ್ಲ ಇಂಗ್ಲಿಷಿನಲ್ಲಿ. ನನಗೆ ನೆನಪಿರುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನವೇ ಹೇಳಿದರು: “ಸುಮಿತ್ರಾ, ನೀನು ತರಗತಿಯಲ್ಲಿ ಇಲ್ಲ. ಅಲ್ಲಿರುವುದು ಒಂದು ಕುರ್ಚಿ. ಮೇಷ್ಟರು ನಕ್ಕರೂ ನಗಬೇಡ. ಮಕ್ಕಳು ಬಿದ್ದರೂ ಏಳಬೇಡ. ವೀಕ್ಷಕರು ಇದ್ದಾರೆ ಅಂತ ತರಗತಿಗೆ ಅನ್ನಿಸಿತೋ, ಆವಾಗ ನಾವು ನೋಡ್ತಿರೋದು ಆ ತರಗತಿಯನ್ನಲ್ಲ, ನಮ್ಮನ್ನೇ.”

“ಅರ್ಥವಾಯಿತು, ಡಾಕ್ಟರ್. ನಾನು ಕುರ್ಚಿ” ಎಂದೆ. ಮೈಸೂರು ಸೀಮೆಯವಳೊಬ್ಬಳನ್ನು, ಇನ್ನೊಬ್ಬರು ಮಾತಾಡುತ್ತಿರುವ ಕೋಣೆಯಲ್ಲಿ ಕೂರಿಸಿ, ನೀನು ಇಲ್ಲಿಲ್ಲ ಎಂದುಕೋ ಎನ್ನುವುದರ ಅಪಾಯ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನನಗೆ ಸಿಕ್ಕಿದ್ದು ಮಿಸ್ ಆಂಗ್ ಅವರ ಮೂರನೇ ತರಗತಿ, ವಿಜ್ಞಾನ. ಮಿಸ್ ಆಂಗ್ ಇಪ್ಪತ್ತು ವರ್ಷ ಪಾಠ ಮಾಡಿ ಸ್ವಲ್ಪ ದಣಿದಿದ್ದ ಹೆಂಗಸು. ಒಳ್ಳೆಯ ಮಾತುಗಾರ್ತಿ, ಆದರೆ ಮಾತನ್ನು ಯಾರ ಕೈಗೂ ಕೊಡದೆ ಗೋಡೆಯ ಗಡಿಯಾರಕ್ಕೆ ಹೇಳುವ ಹಾಗೆ ಹೇಳುತ್ತಿದ್ದರು. ನಾನು ಕೊನೆಯ ಸಾಲಿನ ಪಕ್ಕ ಕುರ್ಚಿಯಾದೆ. ಮೊದಲ ದಿನ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಿಸ್ ಆಂಗ್ ಗಡಿಯಾರವನ್ನು ಬಿಟ್ಟು ನನ್ನ ಕಡೆ ನೋಡಿ ಪಾಠ ಮಾಡುತ್ತಿದ್ದರು. ನನಗೆ ಹೆಮ್ಮೆಯೇ ಆಯಿತು. ಎಂಥ ಒಳ್ಳೆಯ ಕುರ್ಚಿ ನಾನು ಎಂದುಕೊಂಡೆ.

ಟೇಪುಗಳು ವಾರದ ಕೊನೆಗೆ ಕಾಕಿ ಬುಕಿತ್‌ಗೆ ಹೋಗುತ್ತಿದ್ದವು. ಅಲ್ಲೊಂದು ಗೋದಾಮಿನ ಮೇಲಿನ ಮಹಡಿಯಲ್ಲಿ ಟೈಪಿಂಗ್ ಆಫೀಸು. ಕೇಳಿಸಿದ್ದನ್ನೆಲ್ಲ ಕೇಳಿಸಿದ ಹಾಗೇ ಟೈಪು ಮಾಡಿ ಕಳಿಸುವವರು. ಎರಡನೇ ವಾರ ಬಂದ ಕಟ್ಟಿನ ಮೇಲೆ ಹಳದಿ ಚೀಟಿ ಅಂಟಿಸಿದ್ದರು: “ಈ ತರಗತಿಯಲ್ಲಿ ಆಗಾಗ ಒಂದು ಸದ್ದು ಬರುತ್ತಿದೆ. ಯಂತ್ರದ್ದೋ ಪ್ರಾಣಿಯದೋ ತಿಳಿಯುತ್ತಿಲ್ಲ. ಫ್ಯಾನ್ ಪರೀಕ್ಷಿಸಿ.”

ಡಾಕ್ಟರ್ ಕೋ ಅಚ್ಚುಕಟ್ಟಿನ ಮನುಷ್ಯ. ಶಾಲೆಗೆ ಫೋನು ಮಾಡಿದರು. ಶಾಲೆಯವರು ಏಣಿಯ ಸಮೇತ ರಿಪೇರಿ ಅಂಕಲ್‌ನನ್ನು ಕಳಿಸಿದರು. ಅವನು ನಾಲ್ಕೂ ಫ್ಯಾನುಗಳಿಗೆ ಎಣ್ಣೆ ಬಿಟ್ಟು, ಮಕ್ಕಳ ತಲೆಯ ಮೇಲೆ ಎರಡು ತೊಟ್ಟು ಸುರಿಸಿ ಇಳಿದ. ಮುಂದಿನ ವಾರವೂ ಹಳದಿ ಚೀಟಿ ಬಂತು: “ಸದ್ದು ಹೆಚ್ಚಾಗಿದೆ.”

ಡಾಕ್ಟರ್ ಕೋ ನನ್ನನ್ನು ಕರೆಸಿ ಟೈಪಾದ ಹಾಳೆ ಮುಂದಿಟ್ಟರು. “ನೋಡು, ಇಲ್ಲಿ ಮಿಸ್ ಆಂಗ್ ಕೇಳ್ತಾರೆ: ಮಂಜುಗಡ್ಡೆ ನೀರಿನ ಮೇಲೆ ಯಾಕೆ ತೇಲುತ್ತೆ? ಅವರು ಕಾಯಬೇಕು. ಎರಡು ಸೆಕೆಂಡ್ ಕಾಯ್ತಾರೆ. ಆಗ ಈ ಸದ್ದು ಬರುತ್ತೆ. ತಕ್ಷಣ ಅವರು ‘ಯಾಕೆಂದರೆ’ ಅಂತ ತಾವೇ ಉತ್ತರ ಹೇಳಿಬಿಡ್ತಾರೆ. ಪ್ರತಿ ಸಲವೂ ಹೀಗೇ. ಮಕ್ಕಳಿಗೆ ಬಾಯಿ ತೆರೆಯೋದಕ್ಕೆ ಅವಕಾಶವೇ ಸಿಗ್ತಿಲ್ಲ.” ಅವರು ಕನ್ನಡಕ ತೆಗೆದರು. “ಸದ್ದು ಎಲ್ಲಿಂದ ಬರ್ತಿದೆ ಅಂತ ನನಗೆ ಗೊತ್ತಾಗ್ತಾ ಇಲ್ಲ.”

ಮಾತು ಅಲ್ಲಿಗೆ ನಿಂತಿತು. ವಾಕ್ಯ ಮುಗಿದು ಮುಂದಿನದು ಬರುವ ಮೊದಲು ಇರುತ್ತದಲ್ಲ, ಆ ಖಾಲಿ ಜಾಗ.

“ಹ್ಞೂಂ” ಎಂದೆ.

ಡಾಕ್ಟರ್ ಕೋ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಆಮೇಲೆ ಇಬ್ಬರೂ ಹಾಳೆಯನ್ನು ನೋಡಿದೆವು.

“ಫ್ಯಾನು” ಎಂದರು.

“ಸಾರಿ, ಡಾಕ್ಟರ್.”

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಿಧಾನವಾಗಿ, ಇಸ್ತ್ರಿ ಮಾಡಿದ ದನಿಯಲ್ಲೇ ಹೇಳಿದರು. ಮೂರು ವಾರದ ಟೇಪು ಕಸಕ್ಕೆ. ಮುಂದಿನ ಮಂಗಳವಾರ ಅವರೇ ಬಂದು ನನ್ನ ಪಕ್ಕ ಕೂರುತ್ತಾರೆ. ಅರ್ಧ ಗಂಟೆ, ಇಬ್ಬರ ಕೈಯಲ್ಲೂ ಹಾಳೆ, ಅರವತ್ತು ಚೌಕ. ನಾನು ಒಂದು ಸದ್ದೂ ಮಾಡಬಾರದು. ಮತ್ತು ಅವರ ಗುರುತಿಗೂ ನನ್ನ ಗುರುತಿಗೂ ಹತ್ತಕ್ಕೆ ಒಂಬತ್ತರಂತೆ ತಾಳೆಯಾಗಬೇಕು. ಇಬ್ಬರು ನೋಡಿ ಒಂದೇ ಕಂಡರೆ ಮಾತ್ರ ಅದು ಕಂಡ ಹಾಗೆ ಎನ್ನುವುದು ಅವರ ಶಾಸ್ತ್ರ. ಎರಡೂ ಆದರೆ ಕೆಲಸ ಖಾಯಂ. ಇಲ್ಲದಿದ್ದರೆ ನೀಲಿ ಪಟ್ಟಿಯ ಕಾರ್ಡನ್ನು ಹಿಂದಕ್ಕೆ ಕೊಡಬೇಕು.

ಮನೆಗೆ ಬಂದು ರಘುವಿಗೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು. “ಇಷ್ಟೇ ತಾನೆ? ಪ್ರಾಕ್ಟೀಸ್ ಮಾಡು. ನಾನ್ ಏನಾದ್ರೂ ಹೇಳ್ತೀನಿ, ನೀನ್ ಸುಮ್ನೆ ಕೇಳು.”

ಸಂಜೆ ಉಪ್ಪಿಟ್ಟಿನ ತಟ್ಟೆ ಹಿಡಿದು ಶುರು ಮಾಡಿದರು. “ಇವತ್ತು ಆಫೀಸಲ್ಲಿ ಏನಾಯ್ತು ಅಂದ್ರೆ, ನಮ್ ಮ್ಯಾನೇಜರ್ ಇದಾನಲ್ಲ...”

ನಾನು ಸುಮ್ಮನಿದ್ದೆ.

“ಮ್ಯಾನೇಜರ್ ಇದಾನಲ್ಲ, ಅವ್ನು ಮೀಟಿಂಗ್ ಕರ್ದ.”

ಸುಮ್ಮನಿದ್ದೆ.

“ಮೀಟಿಂಗಲ್ಲಿ... ಅಂದ್ರೆ ಎಲ್ರೂ ಇದ್ವಿ. ನಾನೂ ಇದ್ದೆ.” ಉಪ್ಪಿಟ್ಟನ್ನು ಚಮಚದಲ್ಲಿ ಗುಡ್ಡೆ ಮಾಡಿದರು. “ನಿಂಗೆ ಬೇಜಾರಾಗ್ತಿದ್ಯಾ?”

“ಇಲ್ಲಾರೀ, ಕೇಳ್ತಾ ಇದೀನಿ.”

“ಹಂಗ್ ಕಾಣ್ತಾ ಇಲ್ಲ. ಇಮಿಗ್ರೇಷನ್ ಆಫೀಸರ್ ಥರ ನೋಡ್ತಾ ಇದೀಯ. ನಾನೇನೋ ಸುಳ್ಳು ಹೇಳ್ತಿದೀನಿ ಅನ್ಸತ್ತೆ.” ಆ ಮ್ಯಾನೇಜರ್ ಮೀಟಿಂಗಿನಲ್ಲಿ ಏನು ಮಾಡಿದ ಎನ್ನುವುದು ನನಗೆ ಇವತ್ತಿನವರೆಗೂ ಗೊತ್ತಿಲ್ಲ.

ಅಮ್ಮನ ಫೋನು ಬಂದಾಗಲೂ ಅಭ್ಯಾಸ ಮುಂದುವರಿಸಿದೆ. ಮೈಸೂರಿನಿಂದ ಅಮ್ಮ ಪಕ್ಕದ ಮನೆಯ ಪದ್ಮಮ್ಮನ ಮೊಣಕಾಲಿನ ಆಪರೇಷನ್ ವಿಷಯ ಎತ್ತಿದಳು. ಎರಡು ವಾಕ್ಯವಾದ ಮೇಲೆ, “ಹಲೋ? ಹಲೋ?” ಎಂದಳು.

“ಇದೀನಮ್ಮ, ಹೇಳು.”

“ಪದ್ಮಮ್ಮನ್ನ ಆಸ್ಪತ್ರೆಗೆ ಸೇರ್ಸಿದ್ರು... ಹಲೋ? ಏ ಸುಮೀ, ಲೈನ್ ಹೋಯ್ತೇನೇ?”

“ಇಲ್ಲಮ್ಮ, ಕೇಳಿಸ್ತಿದೆ.”

“ಮತ್ತೆ ಯಾಕೆ ಬಾಯ್ ಬಿಡ್ತಾ ಇಲ್ಲ? ರಘುಗೂ ನಿಂಗೂ ಏನಾದ್ರೂ ಆಯ್ತಾ?”

ಏನೂ ಆಗಿಲ್ಲ, ಇದು ಸಂಶೋಧನೆಯ ವಿಧಾನ ಎಂದು ವಿವರಿಸಿದೆ. ಅಮ್ಮ ಸಮಾಧಾನದಿಂದ ಕೇಳಿದಳು. ಫೋನಿಟ್ಟು ಹತ್ತು ನಿಮಿಷಕ್ಕೆ ಬೆಂಗಳೂರಿನಿಂದ ಅಕ್ಕನ ಫೋನು: “ಏನೇ, ರಘುಗೂ ನಿಂಗೂ ಮಾತಿಲ್ವಂತೆ?” ರಘು ಪಕ್ಕದಲ್ಲೇ ನಿಂತು “ಇದೆ ಅಕ್ಕ, ಇದೆ” ಎಂದು ಕೂಗಿ ಹೇಳಬೇಕಾಯಿತು. ಅವರು ಕೂಗಿದ್ದನ್ನು ಕೇಳಿ, ಜಗಳ ಆಗಿರುವುದೇ ನಿಜ ಎಂದು ಅಕ್ಕ ಗಟ್ಟಿ ಮಾಡಿಕೊಂಡಳು.

ಬಾಯಲ್ಲಿ ಶುಂಠಿ ಪೆಪ್ಪರ್‌ಮಿಂಟು ಇಟ್ಟುಕೊಂಡು ನೋಡಿದೆ. ಹೂಂ ಇನ್ನಷ್ಟು ದಪ್ಪವಾಗಿ ಹೊರಬಂತು. ತುಟಿ ಕಚ್ಚಿದರೆ ಮೂಗಿನಲ್ಲಿ ಬಂತು. ಕೊನೆಗೆ ಒಂದು ಉಪಾಯ ಕೈ ಹಿಡಿಯಿತು. ಹೂಂ ಬರುವ ಹೊತ್ತಿಗೆ ಸರಿಯಾಗಿ ಚಪ್ಪಲಿಯೊಳಗೆ ಬಲಗಾಲಿನ ಹೆಬ್ಬೆರಳನ್ನು ಒತ್ತುವುದು. ಗಂಟಲಿನ ಬದಲು ಕಾಲಿನಲ್ಲಿ ಹೂಂಗುಟ್ಟುವುದು. ಸೋಮವಾರದ ಹೊತ್ತಿಗೆ ರಘು ಹೇಳಿದ ಇನ್ನೊಂದು ಇಡೀ ಪ್ರಸಂಗವನ್ನು ನಿಶ್ಶಬ್ದವಾಗಿ ಕೇಳಿ ಮುಗಿಸಿದೆ. ಬೆರಳು ಊದಿಕೊಂಡು ಕುಂಟುತ್ತಿದ್ದೆ, ಆದರೆ ಗೆದ್ದಿದ್ದೆ.

ಮಂಗಳವಾರ. ಕೊನೆಯ ಸಾಲಿನ ಪಕ್ಕ ಎರಡು ಕುರ್ಚಿ. ಒಂದರಲ್ಲಿ ಡಾಕ್ಟರ್ ಕೋ, ಇನ್ನೊಂದರಲ್ಲಿ ಹೆಬ್ಬೆರಳು ಸಜ್ಜು ಮಾಡಿಕೊಂಡು ನಾನು. ನನ್ನ ಎಡಕ್ಕೆ, ಮೂರು ವಾರವೂ ಕೂತಿದ್ದಂತೆ, ಹುಯಿ ಮಿನ್ ಎನ್ನುವ ಎರಡು ಜಡೆಯ ಪುಟ್ಟ ಹುಡುಗಿ. ಅವಳು ಕೈ ಎತ್ತಿದ್ದನ್ನಾಗಲಿ ಬಾಯಿ ತೆರೆದದ್ದನ್ನಾಗಲಿ ನಾನು ಒಮ್ಮೆಯೂ ನೋಡಿರಲಿಲ್ಲ. ನನ್ನ ಹಾಳೆಗಳಲ್ಲಿ ಆ ಸಾಲು ಯಾವಾಗಲೂ ಮೌನ.

ಮಿಸ್ ಆಂಗ್ ಗಿಡಗಳ ಪಾಠ ಶುರು ಮಾಡಿದರು. ಬೀಜ ಎಲ್ಲಿ ಬಿತ್ತು, ಮಳೆ ಹೇಗೆ ಬಂತು. ವಾಕ್ಯ ನಿಲ್ಲಿಸಿ, ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು.

ನಾನು ಹೆಬ್ಬೆರಳು ಒತ್ತಿದೆ.

“ಹ್ಞೂಂ” ಎಂದು ಕೇಳಿಸಿತು.

ಡಾಕ್ಟರ್ ಕೋ ಸರ್ರನೆ ನನ್ನ ಕಡೆ ತಿರುಗಿದರು. ಆದರೆ ನನ್ನ ತುಟಿ ಗಟ್ಟಿಯಾಗಿ ಮುಚ್ಚಿತ್ತು, ಮೇಲೆ ಕೈಯನ್ನೂ ಇಟ್ಟುಕೊಂಡಿದ್ದೆ. ಮಿಸ್ ಆಂಗ್ ಮುಂದುವರಿಸಿದರು. ಬೇರು ಹೇಗೆ ಕೆಳಗೆ ಹೋಯಿತು, ಮೊಳಕೆ ಹೇಗೆ ಮೇಲೆ ಬಂತು. ನಿಲ್ಲಿಸಿದರು.

“ಹ್ಞೂಂ.”

ಹುಯಿ ಮಿನ್. ಎರಡು ಜಡೆ ಅಲುಗಿಸದೆ, ಮಿಸ್ ಆಂಗ್ ಮುಖದಿಂದ ಕಣ್ಣು ತೆಗೆಯದೆ, ಚಿಕ್ಕದಾಗಿ, ಕೊನೆಯನ್ನು ಸ್ವಲ್ಪ ಮೇಲೆತ್ತಿ. ಸುಲಿದ ಅವರೆಯ ಘಮವೊಂದೇ ಬಾಕಿ. ಮುಂದಿನ ನಿಲುಗಡೆಗೆ ಅವಳ ಪಕ್ಕದ ಫರ್ಹಾನ್ ಕೂಡ ಸೇರಿಕೊಂಡ. ಅದರ ಮುಂದಿನದಕ್ಕೆ ಇಡೀ ಕೊನೆಯ ಸಾಲು. ಮೂರು ವಾರ ನನ್ನ ಪಕ್ಕ ಕೂತು ಅವು ಕಲಿತದ್ದು ಇದು. ನಾನು ಪಾಠ ಮಾಡಿರಲಿಲ್ಲ, ಅವು ಪರೀಕ್ಷೆ ಬರೆದಿರಲಿಲ್ಲ.

ಕಿವಿಯಲ್ಲಿ ಕುಂಯ್ ಎಂದಿತು. ಗುರುತು ಹಾಕಬೇಕು. ಯಾವ ಚೌಕ? ನಾನು ಪೆನ್ಸಿಲ್ ಎತ್ತಿ ಹಿಡಿದುಕೊಂಡು ಕೂತೆ. ಅಷ್ಟರಲ್ಲಿ ಮಿಸ್ ಆಂಗ್ ಮಾತಿನ ಭರದಲ್ಲಿ ತಪ್ಪಿದರು: “ಹೀಗೆ ಎಲೆಗಳು ನೆಲದೊಳಗಿನಿಂದ ನೀರನ್ನು ಹೀರಿ ಬೇರಿಗೆ ಕಳಿಸುತ್ತವೆ.”

ಕೊನೆಯ ಸಾಲಿನಲ್ಲಿ ಸದ್ದಿಲ್ಲ. ಒಂದು ಗಳಿಗೆ. ಆಮೇಲೆ ಹುಯಿ ಮಿನ್ ಒಬ್ಬಳೇ, ಮೂಗಿನಿಂದ ಹುಬ್ಬಿನ ತನಕ ಎಳೆದು, “ಹ್ಞೂಂ?” ಎಂದಳು.

ಮಿಸ್ ಆಂಗ್ ತಡೆದರು. ಬೋರ್ಡ್ ನೋಡಿದರು. “ಓ, ಸಾರಿ ಲಾ. ಉಲ್ಟಾ ಹೇಳಿದೆ. ಬೇರು ಹೀರಿ ಎಲೆಗೆ ಕಳಿಸುತ್ತೆ. ಥ್ಯಾಂಕ್ ಯೂ, ಹುಯಿ ಮಿನ್.” ಇಪ್ಪತ್ತು ವರ್ಷದ ದಣಿವು ಆ ಮುಖದಲ್ಲಿ ಎಲ್ಲೋ ಸ್ವಲ್ಪ ಪಕ್ಕಕ್ಕೆ ಸರಿದ ಹಾಗೆ ಕಂಡಿತು. ಹುಯಿ ಮಿನ್ ಕಿವಿ ಕೆಂಪಾಯಿತು. ನಾನು ಪೆನ್ಸಿಲ್ ಇಳಿಸಿ ಗುರುತು ಹಾಕಿದೆ.

ಪಾಠ ಮುಗಿದ ಮೇಲೆ ಶಾಲೆಯ ಕ್ಯಾಂಟೀನಿನಲ್ಲಿ ಇಲ್ಲಿಯವರು ಕೋಪಿ ಎನ್ನುವ ಕಾಫಿಯ ಎರಡು ಲೋಟ ನಡುವೆ ಇಟ್ಟುಕೊಂಡು, ಎರಡು ಹಾಳೆಗಳನ್ನು ಅಕ್ಕಪಕ್ಕ ಹಾಸಿದೆವು. ಡಾಕ್ಟರ್ ಕೋ ಒಂದೊಂದಾಗಿ ಎಣಿಸಿದರು. ಅರವತ್ತರಲ್ಲಿ ಐವತ್ತಮೂರು ತಾಳೆಯಾಗಿದ್ದವು. ಬೇಕಾಗಿದ್ದದ್ದು ಐವತ್ತನಾಲ್ಕು. ಏಳು ಚೌಕಗಳಲ್ಲಿ ಮಾತ್ರ ಬೇರೆ ಬೇರೆ, ಏಳೂ ಕೊನೆಯ ಸಾಲಿನ ಹೂಂ. ಅವರು ಅದನ್ನು ಗದ್ದಲ ಎಂದು ಗುರುತಿಸಿದ್ದರು. ನಾನು ಗಮನವಿಟ್ಟು ಕೇಳುತ್ತಿದ್ದಾರೆ ಎಂದು.

“ಸದ್ದು ಮಾಡಲಿಲ್ಲ ನೀನು. ಅದಕ್ಕೆ ಪೂರ್ತಿ ಅಂಕ” ಎಂದರು. “ಆದರೆ ಇದು?”

“ಅದು ನನ್ನದೇ, ಡಾಕ್ಟರ್. ನನ್ನಿಂದಲೇ ಅಂಟಿದ್ದು.”

“ಗೊತ್ತು. ಈ ತರಗತಿಯನ್ನು ನಾವಿನ್ನು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಅದು ಬೇರೆ ಮಾತು. ಈಗಿನ ಪ್ರಶ್ನೆ ಈ ಏಳು.”

ಹಾಳೆಗಳು ಬೇರೆಯಾದರೆ ಇಬ್ಬರೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರಬೇಕು, ಒಬ್ಬರು ತಮ್ಮ ಗುರುತನ್ನು ಬದಲಿಸಬೇಕು, ಅದು ನಿಯಮ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಚೌಕ. ಪೆನ್ಸಿಲ್ ತಿರುಗಿಸಿ ಏಳರಲ್ಲಿ ಒಂದನ್ನು ಉಜ್ಜಿ ಗದ್ದಲ ಎಂದು ಬರೆದಿದ್ದರೆ ಎರಡು ವರ್ಷದ ಕೆಲಸ ಅಲ್ಲೇ ಕೈಗೆ ಬರುತ್ತಿತ್ತು. ಡಾಕ್ಟರ್ ಕೋ ಕೂಡ ಅದನ್ನೇ ಕಾಯುತ್ತಿದ್ದರು. ತಮ್ಮ ಎರಡು ಪೆನ್ಸಿಲುಗಳಲ್ಲಿ ಒಂದನ್ನು ರಬ್ಬರಿನ ತುದಿ ಮುಂದೆ ಮಾಡಿ ನನ್ನ ಕಡೆ ತಳ್ಳಿದರು. ಒಳ್ಳೆಯ ಮನುಷ್ಯ. ನಾನು ಅದನ್ನು ಎತ್ತಿಕೊಂಡೆ. ಆ ಕೆಂಪು ಕಿವಿ ಕಣ್ಣ ಮುಂದೆ ಬಂತು. ಪೆನ್ಸಿಲನ್ನು ಕೆಳಗಿಟ್ಟೆ.

“ಅವರು ಕೇಳ್ತಾ ಇದ್ದರು, ಡಾಕ್ಟರ್” ಎಂದೆ.

ಆಗ ಅವರು ಕೈಪಿಡಿ ತೆರೆದರು. “ನೋಡು ಸುಮಿತ್ರಾ. ಪದವಲ್ಲದ ಸದ್ದು, ಯಾರನ್ನೂ ಉದ್ದೇಶಿಸದೆ ಇದ್ದರೆ, ಅದು ಗದ್ದಲ. ಇಲ್ಲಿ ಸ್ಪಷ್ಟವಾಗಿ ಬರೆದಿದೆ.”

ನಾನು ಕೇಳಿದೆ. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ಸಹಿ ಬಿದ್ದಿರಲಿಲ್ಲ. ಹೆಬ್ಬೆರಳು ಒತ್ತಿ ಸುಮ್ಮನೆ ಕೂತೆ.

“ಅಂದರೆ, ಅರ್ಥ ಹಚ್ಚೋದಕ್ಕೆ ಹೊರಟರೆ ಒಬ್ಬೊಬ್ಬ ವೀಕ್ಷಕ ಒಂದೊಂದು ಅರ್ಥ ಹಚ್ತಾನೆ.”

ಸುಮ್ಮನೆ ಕೂತೆ.

“ಆಗ ಎರಡು ಹಾಳೆ ಯಾವತ್ತೂ ತಾಳೆಯಾಗೋದಿಲ್ಲ.” ಸ್ವಲ್ಪ ನಿಂತರು. ಕೈಪಿಡಿಯನ್ನು ಇನ್ನೊಂದು ಸಲ ನೋಡಿದರು. “ನಾನು ಹೇಳ್ತಿರೋದು ಏನಂದರೆ, ಗದ್ದಲಕ್ಕೆ ಒಂದು ವ್ಯಾಖ್ಯಾನ ಇದೆ.” ಮತ್ತೆ ನಿಂತರು. “ಪದವಲ್ಲದ ಸದ್ದು. ಇದನ್ನು ಹೇಳಿದೆ, ಅಲ್ಲವಾ?” ಕೋಪಿ ಲೋಟವನ್ನು ಎತ್ತಿ, ಕುಡಿಯದೆ ಇಟ್ಟರು. ದನಿ ಸ್ವಲ್ಪ ಏರಿತು. ಮೊದಲಿನಿಂದ ಶುರು ಮಾಡಿದರು, ನಡುವಿನಲ್ಲಿ ಎಲ್ಲಿದ್ದೆನೆಂದು ಮರೆತರು, ನನ್ನ ಮುಖದ ಮೇಲೆ ಏನನ್ನೋ ಹುಡುಕಿದರು. ಇಸ್ತ್ರಿ ಮಾಡಿದ ಆ ಮನುಷ್ಯನ ಮೇಲೆ ನಾನು ಮೊದಲ ಸಲ ಮಡಿಕೆ ನೋಡಿದೆ.

“ಸುಮಿತ್ರಾ, ನೀನು ಕೇಳ್ತಾ ಇದೀಯಾ?”

“ಕೇಳ್ತಾ ಇದೀನಿ, ಡಾಕ್ಟರ್. ಗದ್ದಲ ಮಾಡ್ತಾ ಇಲ್ಲ, ಅಷ್ಟೇ.”

ಪಕ್ಕದ ಮೇಜಿನಲ್ಲಿ ಯಾರೋ ತಟ್ಟೆ ಜೋಡಿಸುತ್ತಿದ್ದರು. ಡಾಕ್ಟರ್ ಕೋ ತಮ್ಮ ಹಾಳೆಯನ್ನು ಎಳೆದುಕೊಂಡರು. ಪೆನ್ಸಿಲ್ ತಿರುಗಿಸಿ ಒಂದು ಚೌಕವನ್ನು ಉಜ್ಜಿದರು. ಅಷ್ಟು ಸಾಕಿತ್ತು. ಆದರೆ ಅಚ್ಚುಕಟ್ಟಿನ ಮನುಷ್ಯ, ಏಳನ್ನೂ ಉಜ್ಜಿದರು. ರಬ್ಬರಿನ ಪುಡಿಯನ್ನು ಊದಿ, ಪಕ್ಕದ ಕಾಲಮಿನಲ್ಲಿ ಏಳು ಗುರುತು ಹಾಕಿ, ನನ್ನ ಕಾಗದಕ್ಕೆ ಸಹಿ ಮಾಡಿದರು.

ಆಮೇಲೆ ಆರಿದ ಕೋಪಿಯನ್ನು ಒಂದೇ ಗುಟುಕಿಗೆ ಮುಗಿಸಿ, “ನಮ್ಮ ತಾಯಿ ಫೋನ್ ಮಾಡಿದಾಗೆಲ್ಲ ನಾನು ಸುಮ್ಮನೆ ಕೇಳ್ತಾ ಇರ್ತೀನಿ” ಎಂದರು. “ಅವಳು ಎರಡೇ ನಿಮಿಷಕ್ಕೆ ಇಟ್ಟುಬಿಡ್ತಾಳೆ. ಮೊದಲೆಲ್ಲ ಒಂದು ಗಂಟೆ ಮಾತಾಡ್ತಿದ್ದಳು.”

ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದರು. ಸಹಿಯ ಮಸಿ ಇನ್ನೂ ಆರಿರಲಿಲ್ಲ.

ಉದ್ದವಾಗಿ, ಕೊನೆಯನ್ನು ಕೆಳಗೆ ಬಿಟ್ಟು, “ಹ್ಞೂಂ” ಎಂದೆ. ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಮುಂದುವರಿಸಿದರು.